ಕೆಮ್ಮಿನ ಮನೆ ಮತ್ತು ರಾಗಿಕಣ

ರಕ್ತಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಒಮ್ಮೊಮ್ಮೆ ನನ್ನನ್ನು ನೋಡಲು ಬರುತ್ತಾರೆ. “ನಿಮ್ಮ ಕಾಲದಲ್ಲಿ ಯಂತ್ರಗಳೇ ಇರಲಿಲ್ಲವಂತೆ, ರಕ್ತದ ಕಣಗಳನ್ನು ಹೇಗೆ ಎಣಿಸುತ್ತಿದ್ದಿರಿ?” ಎಂದು ಕೇಳುತ್ತಾರೆ. ಕಣ್ಣಿನಿಂದ ಎಣಿಸುತ್ತಿದ್ದೆವು. ಅದೇನೂ ದೊಡ್ಡ ಕಷ್ಟವಲ್ಲ. ಎಣಿಸಿಯಾದ ಮೇಲೆ ಅದರ ಅರ್ಥ ತಿಳಿಯದೆ ರೋಗಿಯ ಮುಖ ನೋಡುವುದಿತ್ತಲ್ಲ, ಅದು ಕಷ್ಟ. ಅದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಬರೆಯುತ್ತಿದ್ದೇನೆ.

ಮೂವತ್ತರ ದಶಕ ಮುಗಿಯುತ್ತಿದ್ದಾಗ ನಾನು ಡಾಕ್ಟರಿಕೆ ಓದು ಮುಗಿಸಿ ಮಂಡ್ಯಕ್ಕೆ ಬಂದೆ. ಧರ್ಮಸಂಸ್ಥೆಯೊಂದು ನಡೆಸುತ್ತಿದ್ದ ಸಣ್ಣ ಆಸ್ಪತ್ರೆ ಅದು. ಹೆರಿಗೆ ಮಾಡಿಸಲೆಂದು ನನ್ನನ್ನು ಕರೆಸಿದ್ದರು. ಹೆರಿಗೆಗೆ ಬರುವವರು ಕಡಿಮೆ, ಹಳ್ಳಿಯ ಸೂಲಗಿತ್ತಿಯರ ಕೈಗುಣದ ಮುಂದೆ ನನ್ನ ಸರ್ಟಿಫಿಕೇಟಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲ. ಸುಮ್ಮನೆ ಕೂತಿದ್ದ ನನ್ನನ್ನು ಆಸ್ಪತ್ರೆಯ ಮುಖ್ಯಸ್ಥರಾದ ಡಾಕ್ಟರ್ ಶ್ಯಾಮರಾಯರು ಒಂದು ದಿನ ಕರೆದು, ಪೂರ್ವದ ಕಿಟಕಿಯ ಪಕ್ಕ ಇಟ್ಟಿದ್ದ ಮೈಕ್ರೊಸ್ಕೋಪಿನ ಮುಂದೆ ಕೂರಿಸಿದರು. ಒಂಟಿ ಕಣ್ಣಿನ ಹಳೆಯ ಮೈಕ್ರೊಸ್ಕೋಪು. ಕೆಳಗಿನ ಕನ್ನಡಿಗೆ ಬಿಸಿಲು ಬಿದ್ದರೆ ಮಾತ್ರ ಕಾಣಿಸುತ್ತಿತ್ತು, ಮೋಡ ಕವಿದ ದಿನ ನಮಗೆ ರಜೆ.

ಶ್ಯಾಮರಾಯರ ತಲೆಯಲ್ಲಿ ಒಂದೇ ಒಂದು ಪ್ರಶ್ನೆ ಇತ್ತು. “ಮುಳ್ಳು ಚುಚ್ಚಿದರೆ ಕಾಲು ಕೆಂಪಾಗುತ್ತದೆ, ಊದುತ್ತದೆ, ಬಿಸಿಯಾಗುತ್ತದೆ. ಇದು ರೋಗವಲ್ಲಮ್ಮ, ರೋಗದ ಜೊತೆ ದೇಹ ಮಾಡುವ ಜಗಳ. ಬಿಳಿ ಕಣಗಳು ಓಡಿ ಬಂದು ಜಗಳಕ್ಕೆ ನಿಲ್ಲುತ್ತವೆ. ಸರಿ. ಆದರೆ ಜಗಳ ನಿಲ್ಲಿಸಿ ಅಂತ ಅವಕ್ಕೆ ಹೇಳುವವರು ಯಾರು? ಯಾರೂ ಹೇಳದೆ ಹೋದರೆ?” ಅವರಿಗೆ ಉತ್ತರ ಗೊತ್ತಿರಲಿಲ್ಲ. ದೊಡ್ಡ ದೊಡ್ಡ ಊರುಗಳ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲೂ ಆಗ ಗೊತ್ತಿರಲಿಲ್ಲ.

ಉತ್ತರ ಹುಡುಕಲು ಅವರು ಮಾಡಿದ್ದನ್ನು ಈಗಿನವರು ನಂಬುವುದಿಲ್ಲ. ಬೊಕ್ಕೆ ಏಳಿಸುವ ಒಂದು ಪಟ್ಟಿ ಆಗ ಔಷಧದ ಅಂಗಡಿಗಳಲ್ಲಿ ಸಿಗುತ್ತಿತ್ತು. ಅದನ್ನು ತಮ್ಮದೇ ಮುಂಗೈಗೆ ಅಂಟಿಸಿಕೊಂಡರು. ನೀರು ತುಂಬಿದ ಬೊಕ್ಕೆಯಿಂದ ಹೊತ್ತುಹೊತ್ತಿಗೆ ಹನಿ ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡುವುದು ನನ್ನ ಕೆಲಸ. ಮೊದಲು, ಒಳಗಿನ ಬೀಜ ಚೂರುಚೂರಾದಂತೆ ಕಾಣುವ ಬಿಳಿ ಕಣಗಳು ಗುಂಪುಗುಂಪಾಗಿ ಬರುತ್ತಿದ್ದವು. ಆಮೇಲೆ ಅವು ಕರಗಿ, ದೊಡ್ಡ ದೊಡ್ಡ ಕಣಗಳು ಬಂದು ಸತ್ತವುಗಳನ್ನು ನುಂಗುತ್ತಿದ್ದವು. ಮೊದಲ ಸಲ ಅದನ್ನು ಕಂಡಾಗ ನನಗೆ ಊಟ ನೆನಪಾಗಲಿಲ್ಲ. ಅವರ ತೋಳಿನ ತುಂಬ ಸುಟ್ಟಂಥ ಕಲೆಗಳು. ಅದನ್ನು ನೋಡಿದ ರೋಗಿಯೊಬ್ಬ ಪಕ್ಕದವನಿಗೆ, “ತನ್ ಕೈನೇ ಬೇಯಿಸ್ಕಂಡವ್ರೆ ಕಣ್ಲಾ ಈ ಡಾಕ್ಟ್ರು, ಇನ್ನು ನಮ್ಮುನ್ನ ಬುಟ್ಟಾರಾ?” ಎಂದಿದ್ದ. ರಾಯರು ಅದನ್ನು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ಕಂಡದ್ದು ಆ ಕಾಲದಲ್ಲೇ.

ಆ ಜಗಳವೇ ನಡೆಯದಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಿದೆ. ಮದ್ದೂರಿನ ಕಡೆಯ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ಕಾಯುತ್ತಿದ್ದ ಗಟ್ಟಿಯಾಳು ಒಬ್ಬನನ್ನು ಕರೆತಂದರು. ಸಲ್ಫಾ ಮಾತ್ರೆ ಹೊಸದಾಗಿ ಬಂದಿದ್ದ ಕಾಲ, ಎಲ್ಲದಕ್ಕೂ ಅದೇ. ಯಾರೋ ಅವನಿಗೆ ವಾರಗಟ್ಟಲೆ ನುಂಗಿಸಿದ್ದರು. ಗಂಟಲು ಕಪ್ಪಗೆ ಕೊಳೆತಿತ್ತು, ಆದರೆ ಒಂದು ತೊಟ್ಟು ಕೀವಿಲ್ಲ. ರಕ್ತ ಸವರಿ ನೋಡಿದರೆ ಬಿಳಿ ಕಣಗಳೇ ಇಲ್ಲ. ಗಾಜಿನ ಈ ಕೊನೆಯಿಂದ ಆ ಕೊನೆಯವರೆಗೂ ಹುಡುಕಿದೆ. ರಾಯರೂ ಹುಡುಕಿದರು. “ಬೀಗ ಇಲ್ಲದ ಮನೆ” ಎಂದು ಎದ್ದು ಹೋದರು. ಆ ಮನುಷ್ಯ ಮಾರನೆಯ ದಿನ ಸತ್ತ. ಮಾತ್ರೆ ಹೀಗೂ ಮಾಡಬಲ್ಲದೆಂದು ನಾವು ಕಲಿತದ್ದು ಹಾಗೆ. ನಮ್ಮ ಕಾಲದಲ್ಲಿ ಪ್ರತಿ ಪಾಠಕ್ಕೂ ಒಬ್ಬ ಮನುಷ್ಯ ಸಾಯುತ್ತಿದ್ದ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವುದು ಚೆಲುವಮ್ಮನ ವಿಷಯ.

ಅವಳು ಮದ್ದೂರಿನ ಹತ್ತಿರದ ಹಳ್ಳಿಯ ಒಕ್ಕಲು ಮನೆಯ ಸೊಸೆ. ಮಳವಳ್ಳಿಯ ಆಚೆ, ಬಂಡೂರಿನ ಕಡೆ ತೌರು. ಗಂಡ ಬೋರೇಗೌಡನ ಜೊತೆ ಬಂದಾಗ ಅವಳಿಗೆ ಇಪ್ಪತ್ತೈದರ ಆಸುಪಾಸು, ಮೂರು ಮಕ್ಕಳು. ರಾತ್ರಿಯಾದರೆ ಕೆಮ್ಮು, ಎದ್ದು ಕೂತರೂ ಉಸಿರಿಲ್ಲ, ಸಣ್ಣ ಜ್ವರ, ಮೈ ಇಳಿದಿದೆ. ಇದಿಷ್ಟನ್ನು ಕೇಳಿದರೆ ಆಗಿನ ಯಾವ ಡಾಕ್ಟರಾದರೂ ಹೇಳುತ್ತಿದ್ದುದು ಒಂದೇ ಮಾತು. ಎದೆಯ ಎಕ್ಸ್‌ರೇ ತೆಗೆಸಲು ಅವಳನ್ನು ಮೈಸೂರಿಗೆ ಕಳಿಸಿದೆವು. ಎರಡೂ ಕಡೆ ಮರಳು ಚೆಲ್ಲಿದಂತೆ ಚುಕ್ಕೆಗಳು. ಕ್ಷಯ ಎಂದು ಬರೆದು ಕಳಿಸಿದರು.

ಕಫದಲ್ಲಿ ಕ್ಷಯದ ಕ್ರಿಮಿ ಹುಡುಕಿದೆ. ಸಿಗಲಿಲ್ಲ. ಮತ್ತೆ ಮತ್ತೆ ತರಿಸಿ ನೋಡಿದರೂ ಸಿಗಲಿಲ್ಲ. ರಕ್ತ ನೋಡಿದಾಗ ಬೆಚ್ಚಿದೆ. ಬಿಳಿ ಕಣಗಳಲ್ಲಿ ಒಂದು ಜಾತಿ ಇದೆ, ಇಯೋಸಿನೋಫಿಲ್ ಎನ್ನುತ್ತಾರೆ. ಬಣ್ಣ ಹಾಕಿದರೆ ಅದರ ಒಡಲ ತುಂಬ ಕೆಂಪು ಕಾಳು ಕಾಣಿಸುತ್ತವೆ. ನಾನು ಅದನ್ನು ರಾಗಿಕಣ ಎಂದು ಕರೆಯುತ್ತಿದ್ದೆ. ನೂರು ಬಿಳಿ ಕಣಗಳಲ್ಲಿ ಅವು ಎರಡೋ ಮೂರೋ ಇರಬೇಕು. ಚೆಲುವಮ್ಮನ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಅವೇ.

ರಾಯರು ಬಹಳ ಹೊತ್ತು ನೋಡಿದರು. “ಹೊಟ್ಟೆಯಲ್ಲಿ ಹುಳು ಇರಬೇಕು” ಎಂದರು. ಹುಳುವಿನ ಔಷಧಿ ಕೊಟ್ಟೆವು. ಹುಳು ಬಿದ್ದವು, ಕೆಮ್ಮು ಹೋಗಲಿಲ್ಲ, ರಾಗಿಕಣ ಇಳಿಯಲಿಲ್ಲ.

“ಸಾರ್, ಇದು ಕ್ಷಯ ಅಲ್ಲ ಅನ್ನಿಸುತ್ತೆ” ಎಂದೆ.

“ಮತ್ತೇನು?”

“ಗೊತ್ತಿಲ್ಲ.”

“ನನಗೂ ಗೊತ್ತಿಲ್ಲ. ಕ್ರಿಮಿ ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಹೇಗೆ ಹೇಳಲಿ? ಮನೆಯಲ್ಲಿ ಮೂರು ಎಳೆ ಮಕ್ಕಳಿವೆ. ನಾಳೆ ಅವಕ್ಕೆ ಅಂಟಿದರೆ ನೀವು ಉತ್ತರ ಕೊಡ್ತೀರಾ, ನಾನು ಕೊಡಲಾ?”

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಅಂದೂ ಆಗಲಿಲ್ಲ, ಇಂದೂ ಆಗುವುದಿಲ್ಲ. ‘ಗೊತ್ತಿಲ್ಲ’ ಎಂಬುದಕ್ಕೆ ನಮ್ಮಲ್ಲಿ ಬೇರೆ ವಾರ್ಡು ಇರಲಿಲ್ಲ. ಆಸ್ಪತ್ರೆಯ ಹಿಂದೆ, ಗದ್ದೆಯ ಕಡೆಗೆ, ತಗಡು ಹೊದಿಸಿದ ಉದ್ದನೆಯ ಷೆಡ್ಡೊಂದಿತ್ತು. ಕ್ಷಯದವರನ್ನು ಅಲ್ಲಿ ಇಡುತ್ತಿದ್ದೆವು. ಊರವರು ಅದನ್ನು ಕೆಮ್ಮಿನ ಮನೆ ಎನ್ನುತ್ತಿದ್ದರು. ಚೆಲುವಮ್ಮನನ್ನು ಅಲ್ಲಿಗೆ ಹಾಕಿದೆವು.

ಬೋರೇಗೌಡ ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದ. ಬೇಲಿಯ ಆಚೆ ನಿಂತು ಮುದ್ದೆಯ ಗಂಟನ್ನು ಕಲ್ಲಿನ ಮೇಲಿಟ್ಟು, “ಮಕ್ಳು ಚೆಂದಾಗವೆ” ಎಂದು ಕೂಗಿ ಹೋಗುತ್ತಿದ್ದ. ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾದ. ಅದನ್ನೂ ಅಲ್ಲೇ ನಿಂತು ಹೇಳಿದ. “ಮಕ್ಳಿಗೆ ಬೇಯ್ಸಿ ಆಕೋರು ಬೇಕಲ್ಲ ಚೆಲುವಿ” ಎಂದ. ಅವಳು, “ಊ ಕಣ್ ಬುಡು, ಬೇಕಲ್ವಾ” ಎಂದಳು. ಅವನು ಹೋದ ಮೇಲೆ ನಾನು ಹತ್ತಿರ ಹೋದೆ. ಅವಳು ಅಳುತ್ತಿರಲಿಲ್ಲ. “ಆಯಮ್ಮ ಚಿಕ್ಕುಡ್ಗೀನ ಒಡೀದೆ ಇದ್ರೆ ಸಾಕು ಕಣವ್ವ” ಎಂದಳು.

ಆಮೇಲೆ ಅಂಥದೇ ರೋಗಿಗಳು ಒಬ್ಬೊಬ್ಬರಾಗಿ ಸಿಕ್ಕರು. ಅದೇ ಕೆಮ್ಮು, ಅದೇ ಚುಕ್ಕೆ, ಕಫದಲ್ಲಿ ಕ್ರಿಮಿ ಇಲ್ಲ, ರಕ್ತದ ತುಂಬ ರಾಗಿಕಣ. ರಾಯರು ತೋಳು ಸುಟ್ಟುಕೊಳ್ಳುವುದನ್ನು ಬಿಟ್ಟು ಇದರ ಬೆನ್ನು ಹತ್ತಿದರು. ಯುದ್ಧದ ದಿನಗಳು, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಆ ಬಸ್ಸುಗಳಲ್ಲಿ ನಾವಿಬ್ಬರೂ ರಕ್ತ ಸವರುವ ಗಾಜುಗಳ ಪೆಟ್ಟಿಗೆ ಹಿಡಿದು ಮಳವಳ್ಳಿಯ ಕಡೆಗೂ ಗೆಜ್ಜಲಗೆರೆಯ ಕಡೆಗೂ ಹೋಗಿ ಕೆಮ್ಮುವವರ ಬೆರಳು ಚುಚ್ಚುತ್ತಿದ್ದೆವು. ಒಂದು ಹಳ್ಳಿಯಲ್ಲಿ ಹೆಂಗಸೊಬ್ಬಳು ಮನೆಯ ಕದ ಹಾಕಿಕೊಂಡು ಒಳಗಿನಿಂದಲೇ ಕೂಗಿದಳು: “ನಮ್ ರಕ್ತ ತಕಂಡೋಗಿ ಯುದ್ದದೋರಿಗೆ ತುಂಬ್ತೀರಂತೆ, ಓಗ್ರಪ್ಪ ಓಗಿ! ನಮ್ಗೇ ಸಾಲ್ದು!” ಹೊರಗೆ ನಿಂತಿದ್ದ ರಾಯರು, “ಇಲ್ಲಮ್ಮ, ಒಂದೇ ತೊಟ್ಟು” ಎಂದು ಬೇಡುತ್ತಿದ್ದರು. ಅವರ ಕೋಟಿನ ಮೇಲೆಲ್ಲ ಬಸ್ಸಿನ ಮಸಿ. ಅಷ್ಟು ಕಷ್ಟಪಟ್ಟು ನಾವು ಕಂಡುಕೊಂಡದ್ದು ಇಷ್ಟೇ: ಇದು ಒಂದು ಪ್ರತ್ಯೇಕ ರೋಗ. ಎದೆಯೊಳಗೆ ಈ ಕಣಗಳು ಯಾವುದೋ ಶತ್ರುವನ್ನು ಅಟ್ಟಿಕೊಂಡು ಬಂದು, ಶತ್ರು ಕಾಣದಿದ್ದರೂ ಜಗಳ ನಿಲ್ಲಿಸದೆ ಎದೆಯನ್ನೇ ಸುಡುತ್ತಿವೆ. ಏಕೆ, ತಿಳಿಯದು. ನಿಲ್ಲಿಸುವುದು ಹೇಗೆ, ತಿಳಿಯದು. ಸೊಳ್ಳೆಯಿಂದ ಮೈಗೆ ಸೇರುವ ಹುಳುವಿನ ಮರಿಗಳೇ ಇದಕ್ಕೆ ಕಾರಣವೆಂದು ಎಷ್ಟೋ ವರ್ಷಗಳ ಮೇಲೆ ಬೇರೆಯವರು ಕಂಡುಹಿಡಿದರು. ಆ ಹೊತ್ತಿಗೆ ರಾಯರು ಇರಲಿಲ್ಲ.

ಕೆಮ್ಮಿನ ಮನೆಯಲ್ಲಿ ಚೆಲುವಮ್ಮ ಸುಮ್ಮನೆ ಕೂರುವ ಹೆಂಗಸಾಗಿರಲಿಲ್ಲ. ಹಗಲು ಉಸಿರು ಸರಾಗವಾಗಿರುವಾಗ ನೆಲ ಸಾರಿಸುತ್ತಿದ್ದಳು, ಏಳಲಾರದವರಿಗೆ ನೀರು ಕುಡಿಸುತ್ತಿದ್ದಳು. ಗೆಜ್ಜಲಗೆರೆಯ ಕಡೆಯ ಪುಟ್ಟಿ ಎಂಬ ಹುಡುಗಿ ಅಲ್ಲಿದ್ದಳು. ಮದುವೆ ಗೊತ್ತಾಗಿದ್ದ ಹುಡುಗಿ, ನಿಜವಾದ ಕ್ಷಯ, ಕಫದ ತುಂಬ ಕ್ರಿಮಿ. ಅವಳ ಮನೆಯವರು ಬಿಟ್ಟು ಹೋದವರು ತಿರುಗಿ ನೋಡಲಿಲ್ಲ. ಚೆಲುವಮ್ಮ ಅವಳ ತಲೆ ಬಾಚುತ್ತಿದ್ದಳು, ತೊಡೆಯ ಮೇಲೆ ಮಲಗಿಸಿಕೊಂಡು ಗಂಜಿ ಕುಡಿಸುತ್ತಿದ್ದಳು, ಅವಳು ಬಿಟ್ಟದ್ದನ್ನು ತಾನೇ ಕುಡಿಯುತ್ತಿದ್ದಳು.

ಅದನ್ನು ಕಂಡು ನಾನು ಗದರಿದೆ. “ಎಂಜಲು ಕುಡಿಯಬೇಡ ಚೆಲುವಮ್ಮ. ಅಷ್ಟು ಹತ್ತಿರ ಮುಖ ಇಟ್ಟುಕೊಳ್ಳಬೇಡ. ಅಂಟುತ್ತದೆ.”

ಅವಳು ತಲೆಯೆತ್ತಿ ನೋಡಿದಳು. “ನಂಗೂ ಅದೇ ಕಾಯ್ಲೆ ಅಂತ ನೀವೇ ಏಳಿ ಇಲ್ಗೆ ಆಕಿದ್ರಲ್ಲವ್ವ. ಇರೋದು ಇನ್ನೇನು ಅಂಟೀತು?”

ನಿನಗಿರುವುದು ಅದಲ್ಲ ಎನ್ನಲೇ? ಹಾಗಾದರೆ ಇಲ್ಲಿ ಏಕೆ ಇಟ್ಟಿದ್ದೀರಿ ಎಂದು ಅವಳು ಕೇಳುತ್ತಾಳೆ. ರಾಯರ ಹತ್ತಿರ ಹೋಗಿ ಮತ್ತೆ ವಾದ ಮಾಡಿದೆ. ಇಂಥವರನ್ನಾದರೂ ಬೇರೆ ಇಡೋಣ ಎಂದೆ. ಅವರು ಒಪ್ಪಿದರು, ಆಡಳಿತದವರನ್ನು ಕೇಳಿದರು. ಯುದ್ಧ ಮುಗಿಯಲಿ, ಈಗ ತಗಡು ಸಿಗುವುದಿಲ್ಲ ಎಂಬ ಉತ್ತರ ಬಂತು. ತಗಡು ನಿಜವಾಗಿಯೂ ಸಿಗುತ್ತಿರಲಿಲ್ಲ. ಪುಟ್ಟಿ ಒಂದು ಸಂಜೆ ಚೆಲುವಮ್ಮನ ತೊಡೆಯ ಮೇಲೆಯೇ ಪ್ರಾಣ ಬಿಟ್ಟಳು.

ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ರಾಯರ ಸಹಪಾಠಿ, ಸೈನ್ಯದ ಡಾಕ್ಟರೊಬ್ಬರು, ರಜೆಯ ಮೇಲೆ ಮೈಸೂರಿಗೆ ಹೋಗುವಾಗ ಮಂಡ್ಯದಲ್ಲಿ ಇಳಿದರು. ಆಸ್ಪತ್ರೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ರಾಯರು ನಮ್ಮ ರಾಗಿಕಣದ ಕತೆ ಹೇಳಿದರು. ಸ್ನೇಹಿತರು ಲೋಟ ಕೆಳಗಿಟ್ಟರು. “ಅಯ್ಯೋ, ನಮ್ಮಲ್ಲೂ ಅಂಥವರು ಇದ್ದಾರೆ ಕಣಯ್ಯ. ಅವರಲ್ಲಿ ಒಬ್ಬನಿಗೆ ಪರಂಗಿ ಹುಣ್ಣೂ ಇತ್ತು. ಅದಕ್ಕೆ ಅಂತ ಪಾಷಾಣದ ಇಂಜೆಕ್ಷನ್ ಕೊಟ್ಟರೆ ಅವನ ಕೆಮ್ಮು ನಿಂತುಹೋಯಿತು. ಈಗ ಹಲವು ಕಡೆ ಅದನ್ನೇ ಕೊಡ್ತಿದ್ದಾರೆ.”

ರಾಯರು ಮುಖ ಮುಚ್ಚಿಕೊಂಡರು. ಆ ಮದ್ದು ನಮ್ಮ ಬೀರುವಿನಲ್ಲಿಯೇ ಇತ್ತು. ನಾನು ದಿನವೂ ಅದರ ಧೂಳು ಒರೆಸುತ್ತಿದ್ದೆ.

ಆದರೆ ಒಂದು ತೊಡಕಿತ್ತು. ಪರಂಗಿ ಹುಣ್ಣು, ಎಂದರೆ ಗಂಡಸರು ಸೂಳೆಗೇರಿಯಿಂದ ತರುವ ರೋಗ. ಆ ಸೂಜಿ ಯಾವುದಕ್ಕೆಂದು ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ಹೆಂಗಸೊಬ್ಬಳಿಗೆ ಅದನ್ನು ಹಾಕಿದರೆಂದು ತಿಳಿದರೆ ಮಾತು ಗಾಳಿಗಿಂತ ಬೇಗ ಓಡುತ್ತದೆ. ನಾನು ಚೆಲುವಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಕೇಳಿದಳು: “ಇದ್ರಲ್ಲಿ ವಾಸಿ ಆದ್ರೆ ನಂಗೆ ಇದ್ದುದ್ದು ಕ್ಸಯ ಅಲ್ಲ ಅಂತಾಯ್ತದಾ?”

“ಹೌದು.”

“ಮಕ್ಳತಾವ ಓಗಬೋದಾ?”

“ಹೋಗಬಹುದು.”

“ಅಂಗಾರೆ ಆಕವ್ವ. ಜನ ಏನಾರ ಅಂದ್ಕಳ್ಳಿ. ಕೆಟ್ಟೋಳು ಅಂದ್ರೂ ಮಕ್ಳು ತಬ್ಕಬೋದು. ಕ್ಸಯದೋಳ್ನ ತಬ್ಕಳಂಗಿಲ್ವಲ್ಲ.”

ರಾಯರು ತಾವೇ ಸೂಜಿ ಹಾಕಿದರು. ಮೊದಲು ಕಣಗಳು ಇನ್ನೂ ಏರಿದವು, ನಾವು ಹೆದರಿದೆವು. ಆಮೇಲೆ ಇಳಿದವು. ಇನ್ನೊಂದು ಸೂಜಿ ಹಾಕಿದಾಗ ಅವಳು ರಾತ್ರಿಯೆಲ್ಲ ಮಲಗಿ ನಿದ್ದೆ ಮಾಡಿದಳು. ಬೆಳಿಗ್ಗೆ ನಾನು ಹೋದಾಗ, “ಮಲೀಕಂಡಿದ್ದೆ ಕಣವ್ವ! ಅಂಗಾತ ಮಲೀಕಂಡಿದ್ದೆ!” ಎಂದು ಮಗುವಿನಂತೆ ಹೇಳಿದಳು. ಗಾಜಿನ ಮೇಲೆ ರಾಗಿಕಣಗಳನ್ನು ಹುಡುಕಿ ಎಣಿಸಬೇಕಾಯಿತು. ರಾಯರು ಆ ಗಾಜನ್ನು ಬಿಸಿಲಿಗೆ ಹಿಡಿದು ಬರಿಗಣ್ಣಿನಲ್ಲೇ ನೋಡುತ್ತಾ ನಿಂತುಬಿಟ್ಟರು. ಬರಿಗಣ್ಣಿಗೆ ಅದರಲ್ಲಿ ಏನೂ ಕಾಣುವುದಿಲ್ಲ.

ಅವಳನ್ನು ಕರೆದೊಯ್ಯಲು ಹೇಳಿ ಕಳಿಸಿದೆವು. ಬೋರೇಗೌಡ ಬರಲಿಲ್ಲ, ಸೂಜಿಯ ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು. ಅವಳ ಅಪ್ಪ ಮಾದೇಗೌಡ ಬಂದ. ಕುರಿ ಕಾಯುವ ಮುದುಕ, ಬಂಡೂರಿನಾಚೆಯಿಂದ ಗಾಡಿ ಕಟ್ಟಿಕೊಂಡು, ಹುಲ್ಲಿನ ಮೇಲೆ ಕಂಬಳಿ ಹಾಸಿ ತಂದಿದ್ದ. ಮೊದಲು ಮದ್ದೂರಿನ ಹಾದಿಯಲ್ಲಿ ಮಕ್ಕಳನ್ನು ನೋಡಿ, ಆಮೇಲೆ ತೌರಿಗೆ ಹೋಗುವುದೆಂದು ಮಾತಾಗಿತ್ತು.

ಷೆಡ್ಡಿನಿಂದ ಯಾರು ಹೊರಟರೂ ಕೊನೆಗೊಮ್ಮೆ ಕಫ ನೋಡಬೇಕೆಂಬ ನಿಯಮವಿತ್ತು. ಅವಳದ್ದನ್ನು ನೋಡುವ ಅಗತ್ಯವೇ ಇಲ್ಲ ಎನ್ನಿಸಿತ್ತು ನನಗೆ. ಸಂಜೆ ಹೊತ್ತು ಅವಳ ಮೈ ಸ್ವಲ್ಪ ಬೆಚ್ಚಗಾಗುತ್ತಿತ್ತು, ಅದು ಪಾಷಾಣದ ಕಾವು ಎಂದುಕೊಂಡಿದ್ದೆವು. ಆದರೂ ನಿಯಮವೆಂದು ಬಣ್ಣ ಹಾಕಿ ಕಿಟಕಿಯ ಹತ್ತಿರ ಕೂತೆ. ನೀಲಿ ಬಯಲಿನಲ್ಲಿ ಸಣ್ಣ ಕೆಂಪು ಕಡ್ಡಿಗಳು, ಕ್ಷಯದ ಕ್ರಿಮಿ. ಬೇರೆಯವರ ಗಾಜು ಇರಬೇಕೆಂದು ಮತ್ತೊಮ್ಮೆ ಕಫ ತರಿಸಿದೆ. ಅದರಲ್ಲೂ ಇದ್ದವು. ಷೆಡ್ಡಿಗೆ ಹಾಕುವ ಮೊದಲು ಅಷ್ಟು ಸಲ ಹುಡುಕಿದರೂ ಸಿಗದಿದ್ದವು, ಈಗ ಹುಡುಕದೆಯೇ ಸಿಕ್ಕಿದವು.

ರಾಯರು ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ಆಮೇಲೆ ಎದ್ದು ಒಳಗೆ ಹೋದರು. ಹೇಳುವುದು ನನ್ನ ಪಾಲಿಗೆ ಬಂತು.

ಚೆಲುವಮ್ಮ ಆಗಲೇ ಗಾಡಿಯ ಗಾಲಿ ಹಿಡಿದು ನಿಂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು.

“ಇದು ಮೊದ್ಲು ಇರ್ನಿಲ್ವಾ?”

“ಇರಲಿಲ್ಲ.”

“ಇಲ್ಲೇ ಬಂದದ್ದಾ?”

“ಹೌದು.”

ಅವಳು ಷೆಡ್ಡಿನ ಕಡೆ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನನ್ನ ಮುಂದಿನ ವರ್ಷಗಳು ಸ್ವಲ್ಪ ಹಗುರಾಗುತ್ತಿದ್ದವೇನೋ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅಪ್ಪನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದಳು.

“ಅಪ್ಪಾ, ನೀ ಓಗು. ಮಕ್ಳಿಗೆ ನಾ ಬತ್ತೀನಿ ಅಂತ ಏಳಿದ್ರೆ, ಇಲ್ಲ ಅಂದ್ಬುಡು.”

ಮಾದೇಗೌಡನಿಗೆ ಅರ್ಥವಾಗಲಿಲ್ಲ. “ವಾಸಿ ಆಯ್ತು ಅಂತ ಏಳ್ ಕಳ್ಸಿದ್ರಲ್ಲವ್ವ?” ಎಂದು ನನ್ನನ್ನೇ ಕೇಳುತ್ತಿದ್ದ. “ಉಸ್ರು ಚೆಂದಾಗಿ ಬಿಡ್ತಾವಳಲ್ಲ, ನೋಡಿ!” ನಿಜ, ಅವಳು ಚೆನ್ನಾಗಿ ಉಸಿರಾಡುತ್ತಿದ್ದಳು. ಕೊನೆಗೆ ಅವನು ಖಾಲಿ ಗಾಡಿ ತಿರುಗಿಸಿದ.

ಕ್ಷಯಕ್ಕೆ ಆಗ ನಮ್ಮ ಹತ್ತಿರ ಹಾಲು, ಮೊಟ್ಟೆ, ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಹೊರದೇಶದಲ್ಲಿ ಹೊಸ ಮದ್ದು ಬಂದಿದೆ ಎಂಬ ಸುದ್ದಿ ಬಂತು, ಮದ್ದು ಬರಲಿಲ್ಲ. ಅದೇ ರಾಗಿಕಣದ ಕಾಯಿಲೆಯಿಂದ ಷೆಡ್ಡಿನಲ್ಲಿದ್ದ ಉಳಿದವರಿಗೂ ಸೂಜಿ ಹಾಕಿ ಮನೆಗೆ ಕಳಿಸಿದೆವು. ಅವರಲ್ಲಿ ಒಬ್ಬನಂತೂ ಎಷ್ಟೋ ವರ್ಷ ನನಗೆ ಹೊಸ ಬೆಲ್ಲ ತಂದು ಕೊಡುತ್ತಿದ್ದ. ರಾಯರು ಮಾತ್ರ ರಕ್ತ ನೋಡುವುದನ್ನು ಬಿಟ್ಟೇಬಿಟ್ಟರು. ಜಗಳ ನಿಲ್ಲಿಸುವುದು ಯಾರೆಂದು ಮತ್ತೆ ಕೇಳಲಿಲ್ಲ. ಚೆಲುವಮ್ಮನ ಹಾಸಿಗೆಯ ಹತ್ತಿರ ದಿನವೂ ಹೋಗಿ, ನಾಡಿ ಹಿಡಿದು ಬರುತ್ತಿದ್ದರು.

ಅವಳು ಹೋದದ್ದು ನಲವತ್ತೇಳರ ಬೇಸಿಗೆಯಲ್ಲಿ. ಮಾದೇಗೌಡ ಅದೇ ಗಾಡಿ ತಂದ. ಬಟ್ಟೆ ಸುತ್ತಿ ಮಲಗಿಸಿಯಾದ ಮೇಲೆ ಅವನು ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದ: “ಊರಲ್ಲಿ ಕೇಳ್ತಾರೆ ಕಣವ್ವ, ಸೂಜಿ ವಿಸ್ಯ ಏನೇನೋ ಅಂತವ್ರೆ. ಯಾವ್ ಕಾಯ್ಲೇಲಿ ಓದ್ಲು ಅಂತ ಏಳ್ಲಿ?”

“ಕ್ಷಯ” ಎಂದೆ.

ಅವನು ತಲೆಯಾಡಿಸಿದ. ಎತ್ತಿನ ಹಗ್ಗ ಕೈಗೆ ತೆಗೆದುಕೊಂಡು, ನನ್ನ ಮುಖ ನೋಡಿ, ಸಮಾಧಾನ ಹೇಳುವವನಂತೆ ಅಂದ: “ನೀವು ಮೊದ್ಲೇ ಸರ್ಯಾಗೇ ಏಳಿದ್ರಿ ಬುಡಿ, ತಾಯಿ.”